ತಡೆಯುವ ಬೆರಳು

ಬಾಳು ತನ್ನ ತಂಗಿಯನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಒಂದೂವರೆ ವರ್ಷವಾಗಿತ್ತು. "ಏ ಬೆರಳು, ಬಾ ಇಲ್ಲೆ" ಎನ್ನುತ್ತಿದ್ದ. ಜಯಶ್ರೀ ಒಲೆಯ ಮೇಲಿನ ಹಾಲನ್ನು ಇಳಿಸಿ, ಇಲ್ಲವೇ ಕೈಯಲ್ಲಿದ್ದ ಪುಸ್ತಕವನ್ನು ಮಗುಚಿಟ್ಟು, ಅವನ ಕುರ್ಚಿಯ ಹಿಂದೆ ಹೋಗಿ ನಿಲ್ಲಬೇಕು. ನಿಂತು, ಅವನ ಬಲಭುಜದ ಮೇಲಿಂದ ಕೈ ಚಾಚಿ, ಕೀಬೋರ್ಡಿನ ಒಂದೇ ಒಂದು ಗುಂಡಿಯ ಮೇಲೆ ಬೆರಳಿಡಬೇಕು. ಅದು ತಡೆಯುವ ಗುಂಡಿ. ಪರದೆಯ ಮೇಲೆ ಬಾಳುವಿನ ಕೆಂಪು ಚಡ್ಡಿಯ ಜಟ್ಟಿಯನ್ನು ಎದುರಾಳಿ ಹೊಡೆಯಲು ಬಂದಾಗ ಅದನ್ನು ಒತ್ತಿದರೆ ಜಟ್ಟಿ ಎರಡೂ ತೋಳು ಅಡ್ಡ ಹಿಡಿಯುತ್ತಾನೆ. ಒತ್ತದಿದ್ದರೆ ಏಟು ಮೋರೆಗೆ ಬೀಳುತ್ತದೆ.

ಓಡುವುದು, ಹಾರುವುದು, ಗುದ್ದುವುದು, ಒದೆಯುವುದು ಇಷ್ಟನ್ನೂ ಬಾಳು ಎಡಗೈ ಒಂದರಿಂದಲೇ ಮಾಡುತ್ತಿದ್ದ. ಬಲಗೈಯಲ್ಲಿ ಉಳಿದಿದ್ದದ್ದು ಉಂಗುರಬೆರಳು, ಕಿರುಬೆರಳು ಎರಡೇ. ಅವೂ ಸೆಟೆದು ನಿಂತಿದ್ದವು. ಆ ಕೈಗೆ ಸದಾ ಟವೆಲು ಸುತ್ತಿಕೊಂಡಿರುತ್ತಿದ್ದ. ಮಿಕ್ಕ ಮೂರನ್ನು ಮುರ್ಮುಗಾಂವ್ ಬಂದರಿನ ಹಡಗೊಂದರ ಮೇಲೆ ತಂತಿಹಗ್ಗವೊಂದು ರಾಟೆಯೊಳಗೆ ಎಳೆದುಕೊಂಡಿತ್ತು. ಆಗ ಅವನಿಗೆ ಇಪ್ಪತ್ತೆರಡು.

ಅದಕ್ಕೂ ಮೊದಲು ಅವನ ಬಳಿ ಟೀವಿಗೆ ಜೋಡಿಸುವ ವಿಡಿಯೋ ಗೇಮ್ ಇತ್ತು. ಮೊದಲ ಪಗಾರದಲ್ಲಿ ಕೊಂಡದ್ದು. ಓಣಿಯಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅದರ ರಿಮೋಟನ್ನು ಕೈಗೆ ತೆಗೆದುಕೊಂಡ. ಎರಡೂ ಹೆಬ್ಬೆರಳು ಬೇಡುವ ರಿಮೋಟು ಅದು. ಮೂರು ಸಲ ಜಾರಿ ಬಿತ್ತು. ನಾಲ್ಕನೆಯ ಸಲ ಅವನೇ ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ.

ಆಮೇಲೆ ಅವನ ಕಣ್ಣು ತಂಗಿಯ ಕಂಪ್ಯೂಟರಿನ ಮೇಲೆ ಬಿತ್ತು. ಕಾಲೇಜು ಸೇರಿದಾಗ ಸರ್ಕಾರದಿಂದ ಸಿಕ್ಕಿದ್ದು. ಬಂದರಿನಿಂದ ಹಾರಿಬರುವ ಅದಿರಿನ ಕೆಂಪು ಧೂಳು ಒಳಹೊಗದಂತೆ ಜಯಶ್ರೀ ಅವ್ವನ ಹಳೆಯ ಸೀರೆಯಿಂದ ಗವಸು ಹೊಲಿದು ಹೊದಿಸಿದ್ದಳು. ಕಂಪ್ಯೂಟರಿನ ಆಟದಲ್ಲಿ ಯಾವ ಕೆಲಸಕ್ಕೆ ಯಾವ ಗುಂಡಿ ಎಂಬುದನ್ನು ಆಡುವವನೇ ಗೊತ್ತು ಮಾಡಿಕೊಳ್ಳಬಹುದು ಎಂದು ಅವನಿಗೆ ತೋರಿಸಿಕೊಟ್ಟವಳೂ ಅವಳೇ. ಅಣ್ಣ ನಗಲಿ ಎಂಬ ಆಸೆ. ಅವನು ನಕ್ಕ. ಎಲ್ಲವನ್ನೂ ಎಡಗೈ ಕೆಳಗೆ ತಂದುಕೊಂಡ. ಐದು ಬೆರಳಿಗೂ ಕೆಲಸ ಹಂಚಿದ ಮೇಲೆ ತಡೆಯುವುದೊಂದು ಉಳಿಯಿತು. ಬಲಗೈಯ ಮೊಂಡಿನಿಂದ ಒತ್ತಲು ಹೋದರೆ ನಾಲ್ಕು ಗುಂಡಿ ಒಟ್ಟಿಗೆ ಒತ್ತಿಹೋಗುತ್ತಿದ್ದವು. "ಇಲ್ಲೆ ನಿಂದ್ರು, ಇದೊಂದು ಒತ್ತು" ಎಂದ. ಅವಳು ನಿಂತಳು.

ಒತ್ತಬೇಕಾದಾಗ ಅವನು ಹೇಳುತ್ತಿರಲಿಲ್ಲ. ಹೇಳುವಷ್ಟು ಹೊತ್ತೂ ಆ ಆಟದಲ್ಲಿರಲಿಲ್ಲ. ಅವನ ಬಲಭುಜ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಇಲ್ಲದ ಬೆರಳು ಇನ್ನೂ ಇದೆಯೆಂಬಂತೆ. ಜಯಶ್ರೀ ಆ ಭುಜವನ್ನು ಓದಲು ಕಲಿತಳು.

ಈಗ ಅವಳ ಬಿ.ಕಾಂ. ಮುಗಿದಿತ್ತು. ವಾಸ್ಕೋದ ಹಡಗು ಏಜೆಂಟರ ಕಚೇರಿಯೊಂದರಿಂದ ಟೈಪಿಂಗ್ ಪರೀಕ್ಷೆಗೆ ಕರೆ ಬಂದಿತ್ತು. ನಿಮಿಷಕ್ಕೆ ನಲವತ್ತು ಪದ. ಹನ್ನೆರಡು ದಿನ ಉಳಿದಿದ್ದವು. ಬಾಳು ಬೆಳಿಗ್ಗೆ ಚಹಾ ಕುಡಿದು ಕುರ್ಚಿ ಹಿಡಿದರೆ ಸಂಜೆ ಅಪ್ಪ ಬಂದರಿನಿಂದ ಬರುವವರೆಗೆ ಏಳುತ್ತಿರಲಿಲ್ಲ.

"ದಿನಾ ಎರಡ ತಾಸು ಕೊಡೋ ಅಣ್ಣಾ" ಎಂದು ಕೇಳಿದಳು.

"ಕೊಡ್ತೀನಿ. ನಿನ್ನ ಮೂರು ಬೆರಳು ಕಡಿದು ಕೊಡು, ಮಷೀನ್ ತಗೊ."

ಅವಳು ಅವ್ವನ ಕಡೆ ನೋಡಿದಳು. ಸುಂದರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಂವಂಗ ಬೆರಳಿಲ್ಲ, ನಿನಗ ಅದಾವ. ಇದ್ದಾಕಿ ಕೊಡಬೇಕವಾ. ಕಲಿಯೋದೇನು, ಪೇಪರ್ ಮ್ಯಾಲ ಬರಕೊಂಡು ಕಲಿ."

ಜಯಶ್ರೀ ಹಾಗೆಯೇ ಮಾಡಿದಳು. ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಕೀಬೋರ್ಡ್ ಬರೆದು, ಹಿತ್ತಲ ಮೆಟ್ಟಿಲ ಮೇಲೆ ಕೂತು ಅದರ ಮೇಲೆ ಬೆರಳಾಡಿಸಿದಳು. ಕಾಗದ ಸದ್ದು ಮಾಡುವುದಿಲ್ಲ, ತಪ್ಪನ್ನೂ ತೋರಿಸುವುದಿಲ್ಲ. ಎರಡನೆಯ ದಿನಕ್ಕೆ ಹಾಳೆ ಹರಿಯಿತು.

ಅದೇ ವಾರ ಪಾಂಡು ಹೊಸ ಗೇಮ್ ತಂದ. ಪಾಂಡು ಬಾಳುವಿನ ಜೊತೆ ಹಡಗಿನ ಮೇಲೆ ದುಡಿದವನು, ಹಿಂದೆಲ್ಲ ಅವನ ಕೈಲಿ ಸೋಲುತ್ತಿದ್ದವನು. ಹಡಗಿನ ಖಲಾಸಿಯೊಬ್ಬನಿಂದ ಕೊಂಡ, ಟೀವಿಗೆ ಜೋಡಿಸುವ ಕರಿ ಪೆಟ್ಟಿಗೆ. ಎರಡು ರಿಮೋಟು. ಅದನ್ನು ಓಣಿಗೆಲ್ಲ ತೋರಿಸಿ ಬಾಳುವಿನ ಬಾಗಿಲಿಗೂ ಬಂದ.

"ಏನೋ ಬಾಳ್ಯಾ, ಇನ್ನೂ ಇದನ್ನ ಕುಟ್ಟಾಕತ್ತೀಯೇನು? ಕೀಬೋರ್ಡ್ ಕುಟ್ಟೋದು ಕಾರಕೂನರ ಕೆಲಸಲೇ. ಗಂಡಸರ ಆಟಕ್ಕ ರಿಮೋಟ್ ಬೇಕು."

"ಇಲ್ಲೇ ಬಂದು ಆಡು. ಈ ಕುಟ್ಟೋ ಮಷೀನಿನ ಮ್ಯಾಲೇ ನಿನ್ನ ಕುಟ್ತೀನಿ."

"ನೀ ಒಬ್ಬನ ಆಡ್ತಿಯೋ, ಅಣ್ಣ ತಂಗಿ ಕೂಡಿ ಆಡ್ತೀರೋ?"

"ಅಕಿ ಏನು ಆಡ್ತಾಳ? ಅಕಿ ನನ್ನ ಬೆರಳು."

ಪಂಥ ಗೊತ್ತಾಯಿತು. ಐದರಲ್ಲಿ ಮೂರು ಗೆದ್ದವನು ಗೆದ್ದ. ಪಾಂಡು ಸೋತರೆ ಕರಿ ಪೆಟ್ಟಿಗೆ ಬಾಳುವಿಗೆ. ಬಾಳು ಸೋತರೆ ಕಂಪ್ಯೂಟರನ್ನು ಇನ್ನು ಮುಟ್ಟುವಂತಿಲ್ಲ. ಅಲ್ಲೇ, ಎಲ್ಲರ ಮುಂದೆ, ಪಾಂಡುವಿನ ರಿಮೋಟ್ ಹಿಡಿದು ಒಂದಾಟ ಆಡಬೇಕು.

ಬಾಳು ಹಲಗೆಯ ಮೇಲಿದ್ದ ಎಲ್ಲಮ್ಮನ ಭಂಡಾರದ ಬಟ್ಟಲಿಗೆ ಎಡಗೈ ಅದ್ದಿ ಹಣೆಗೆ ಹಳದಿ ಬಳಿದುಕೊಂಡ. "ಎಲ್ಲಮ್ಮನ ಆಣಿ. ಸೋತ್ರ ಮುಟ್ಟೂದಿಲ್ಲ."

"ಹುಚ್ಚಪ್ಪಾ, ಭಂಡಾರ ಮುಟ್ಟಿ ಹಿಂಥಾದೆಲ್ಲಾ ಅಂತಾರೇನೋ?" ಎಂದು ಸುಂದರವ್ವ ಬಾಯಿ ಬಡಿದುಕೊಂಡಳು. ಭಂಡಾರ ಮುಟ್ಟಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಮುರಿದವರಿರಲಿಲ್ಲ. ಜಯಶ್ರೀ ಬಾಗಿಲ ಸಂದಿನಿಂದ ಅಣ್ಣನ ಹಣೆಯ ಹಳದಿಯನ್ನೇ ನೋಡುತ್ತಿದ್ದಳು. ಪರೀಕ್ಷೆಗೆ ಇನ್ನು ಒಂಬತ್ತು ದಿನ.

ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಒಂದೇ ಕೋಣೆಯಲ್ಲಿ ತುಂಬಿಕೊಂಡರು. ಎಲ್ಲರೂ ಬಂದರಿನವರು. ಎಡಕ್ಕೆ ಬಾಳು, ಬಲಕ್ಕೆ ಪಾಂಡು, ಒಂದೇ ಕೀಬೋರ್ಡಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತರು. ಹಿಂದೆ ಜಯಶ್ರೀ, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ನೆಲ ನೋಡುತ್ತ ನಿಂತಳು. ಅಷ್ಟು ಗಂಡಸರ ನಡುವೆ ಅವಳು ಎಂದೂ ನಿಂತಿರಲಿಲ್ಲ.

"ಬಾಳ್ಯಾಂದು ಹೊಸ ಕೈ ಬಂತು ನೋಡ್ರಲೇ, ಬಳಿ ಹಾಕ್ಕೊಂಡೈತಿ" ಎಂದ ಗೋಪಪ್ಪ. ಅವನು ಬಂದರಿನ ಗ್ಯಾಂಗಿನ ವಿದೂಷಕ. ಕೋಣೆ ನಕ್ಕಿತು.

ಮೊದಲ ಎರಡು ಸುತ್ತು ಬಾಳು ಸುಲಭವಾಗಿ ಗೆದ್ದ. ಭುಜ ಏಳುವುದಕ್ಕೂ ಜಯಶ್ರೀ ಒತ್ತುವುದಕ್ಕೂ ಅಂತರವೇ ಇರಲಿಲ್ಲ. ಪಾಂಡುವಿನ ಜಟ್ಟಿ ಹೊಡೆದು ಹೊಡೆದು ಸುಸ್ತಾಗಿ ಬಿದ್ದ. ಇನ್ನೊಂದು ಗೆದ್ದರೆ ಮುಗಿಯಿತು. ಬಾಳು ಹಿಂದಕ್ಕೆ ಒರಗಿದ. ಅವನ ತಲೆ ತಂಗಿಯ ಮೊಣಕೈಗೆ ತಾಗಿತು.

"ನೋಡಿದ್ರೇನು ನನ್ನ ಬೆರಳ? ಇದಕ್ಕ ಆಫೀಸಿನ ನೌಕರಿ ಬೇಕಂತ! ಎಲ್ಲಿ ಕಳಸಲಿ? ಇದರ ನೌಕರಿ ಇಲ್ಲೇ, ನನ್ನ ಕುರ್ಚಿ ಹಿಂದ. ಪೆನ್ಶನ್ ಆಗೂಮಟ."

"ಲಗ್ನ ಆದ್ರ?" ಎಂದರು ಯಾರೋ.

"ಆದ್ರ ಗಂಡನ್ನೂ ಕರಕೊಂಡು ಬಂದು ಇಲ್ಲೇ ನಿಂದ್ರಲಿ. ಅವನ್ನ ಒದಿಯೋ ಗುಂಡಿಗೆ ಇಟ್ಕೋತೀನಿ."

ಕೋಣೆ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವ್ವನೂ ನಕ್ಕಳು. ಮಗ ಬಹಳ ದಿನಗಳ ಮೇಲೆ ಗೆಳೆಯರನ್ನು ನಗಿಸಿದ್ದ. ಆ ಸಂತೋಷಕ್ಕೆ ನಕ್ಕಳು. ಜಯಶ್ರೀ ನೋಡಿದ್ದು ಅವ್ವನ ನಗುವನ್ನು ಮಾತ್ರ.

ಮೂರನೆಯ ಸುತ್ತು ಶುರುವಾಯಿತು. ಪಾಂಡುವಿನ ಜಟ್ಟಿ ಹಾರಿ ಬಂದ. ಅಣ್ಣನ ಭುಜ ಎದ್ದಿತು. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ.

ಏಟು ಮೋರೆಗೆ ಬಿತ್ತು. ಭುಜ ಮತ್ತೆ ಎದ್ದಿತು, ಮತ್ತೆ. ಏನೂ ಆಗಲಿಲ್ಲ. ಕೆಂಪು ಚಡ್ಡಿಯವ ಮಕಾಡೆ ಬಿದ್ದ.

"ಏ, ನಿದ್ದಿ ಮಾಡಾಕತ್ತಿಯೇನು?" ಬಾಳು ತಿರುಗದೆಯೇ ಗದರಿಸಿದ.

"ಬೆರಳ ದಣದೈತಿ, ಎಣ್ಣಿ ಹಚ್ಚು" ಎಂದ ಗೋಪಪ್ಪ.

ನಾಲ್ಕನೆಯ ಸುತ್ತಿನ ನಡುವೆ ಬಾಳು ತಿರುಗಿ ಅವಳ ಮುಖ ನೋಡಿದ. ಒಂದೇ ಗಳಿಗೆ. ಅಷ್ಟರಲ್ಲಿ ಆ ಸುತ್ತೂ ಹೋಯಿತು. ಈಗ ಇಬ್ಬರೂ ಸಮ. ಅವಳು ಪರದೆಯನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಬೇಕಾದರೆ ಇನ್ನೂ ಒತ್ತಬಹುದಿತ್ತು. ಐದನೆಯ ಸುತ್ತು ಪೂರ್ತಿ ಉಳಿದಿತ್ತು. ರಿಮೋಟು ಹಿಡಿದ ಆ ಕೈ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಒಗೆಯುವ ಕಲ್ಲಿನ ಸುತ್ತ ಬಿದ್ದ ಪ್ಲಾಸ್ಟಿಕ್ ಚೂರುಗಳನ್ನು ಆಯ್ದವಳೂ ಅವಳೇ.

ಐದನೆಯದರಲ್ಲಿ ಭುಜ ಏಳೆಂಟು ಸಲ ಎದ್ದಿತು. ಕೊನೆಗೆ ಬಾಳು ತಡೆಯಲಾರದೆ ತನ್ನ ಬಲಗೈಯನ್ನೇ ಟವೆಲಿನಿಂದ ಹೊರಗೆಳೆದು, ಅವಳ ಬೆರಳನ್ನು ತಳ್ಳಿ, ಗುಂಡಿಯ ಮೇಲೆ ಕುಕ್ಕಿದ. ನಾಲ್ಕು ಗುಂಡಿ ಒಟ್ಟಿಗೆ ಕೂತವು. ಕೆಂಪು ಚಡ್ಡಿಯವ ಎತ್ತಲೂ ಅಲುಗದೆ ಕಂಬದಂತೆ ನಿಂತ. ಪಾಂಡು ಆರಾಮವಾಗಿ, ಒಂದೊಂದೇ ಒದೆ ಎಣಿಸುತ್ತ, ಅವನನ್ನು ಕೆಡವಿದ.

ಕೂಗು ಎದ್ದಿತು. ಪಾಂಡು ಚೀಲದಿಂದ ಕರಿ ಪೆಟ್ಟಿಗೆ ತೆಗೆದು ಟೀವಿಗೆ ಜೋಡಿಸಿದ. ಗೆಲ್ಲುವ ಭರವಸೆಯಿಂದಲೇ ತಂದಿದ್ದ. ರಿಮೋಟನ್ನು ಎರಡೂ ಕೈಯಿಂದ ಹಿಡಿದು, ಪ್ರಸಾದ ಕೊಡುವಂತೆ, ಬಾಳುವಿನ ಮುಂದೆ ಒಡ್ಡಿದ.

"ಹಿಡಿ ಬಾಳ್ಯಾ. ಆಣಿ ಐತಿ."

ಬಾಳು ಹಿಡಿದ. ಜಾರಿತು. ಎಡಗೈಯಿಂದ ಎತ್ತಿ, ಬಲಗೈಯ ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡ. ಹೆಬ್ಬೆರಳಿರಬೇಕಾದ ಜಾಗದ ಗುಳಿ ಗುಂಡಿಗಳ ಮೇಲೆ ಸುಮ್ಮನೆ ಉಜ್ಜಾಡಿತು.

"ಏಡಿ! ಏಡಿ ಮೀನ ಹಿಡದಂಗ ಹಿಡದಾನ ನೋಡ್ರಪೋ!" ಎಂದು ಯಾರೋ ಕೂಗಿದರು.

ಗೋಪಪ್ಪ ಸುತಳಿ ತಂದು ರಿಮೋಟನ್ನು ಆ ಕೈಗೆ ಕಟ್ಟಿದ. ಬಾಳು ಕಟ್ಟಿಸಿಕೊಂಡ. ಬೆವರಿಗೆ ಹಣೆಯ ಭಂಡಾರ ಹುಬ್ಬಿನ ಮೇಲೆ ಇಳಿಯುತ್ತಿತ್ತು. ಟೀವಿಯಲ್ಲಿ ಅವನ ಆಟಗಾರ ಗೋಡೆಗೆ ಮುಖ ಮಾಡಿ ನಿಂತಲ್ಲೇ ನಡೆಯುತ್ತಿದ್ದ. ಪಾಂಡು ಬೇಗ ಮುಗಿಸಲಿಲ್ಲ. ಎಲ್ಲರ ನಗು ದಣಿದ ಮೇಲೆ ಮುಗಿಸಿದ.

ಸುಂದರವ್ವ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಚಹಾ ಯಾರೂ ಕುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಜಯಶ್ರೀ ಸೀರೆಯ ಗವಸು ತೆಗೆದು ಕಂಪ್ಯೂಟರಿನ ಮುಂದೆ ಕೂತಳು. ಯಾರೂ ಬೇಡವೆನ್ನಲಿಲ್ಲ. ಬಾಳು ಗೋಡೆಗೆ ಮುಖ ಮಾಡಿ ಹಾಸಿಗೆಯ ಮೇಲೆ ಮಲಗಿದ್ದ. ಪರೀಕ್ಷೆಯವರೆಗೆ ದಿನವೂ ಅವಳು ಟೈಪ್ ಮಾಡಿದಳು, ಅವನು ಮಲಗಿಯೇ ಇದ್ದ. ಅವನು ಒಮ್ಮೆಯೂ "ಬೆರಳು" ಎಂದು ಕರೆಯಲಿಲ್ಲ. ಯಾವ ಹೆಸರಿನಿಂದಲೂ ಕರೆಯಲಿಲ್ಲ. ಮೂವತ್ತೊಂದು ಪದ, ಮೂವತ್ತಾರು, ನಲವತ್ಮೂರು. ಅವಳಿಗೆ ಪಶ್ಚಾತ್ತಾಪವಾಗಬೇಕಿತ್ತು. ಆಗುತ್ತದೇನೋ ಎಂದು ಕಾದಳು. ಬೆರಳುಗಳು ಮಾತ್ರ ಮಳೆ ಬಿದ್ದಂತೆ ಓಡುತ್ತಿದ್ದವು, ಅದು ಅವಳಿಗೆ ಹಿತವಾಗಿತ್ತು.

ನೌಕರಿ ಸಿಕ್ಕಿತು. ಆ ಸಂಜೆ ಅಪ್ಪ ಪರಮಣ್ಣ ಬಂದರಿನಿಂದ ಬರುವಾಗ ಧಾರವಾಡ ಪೇಡೆಯ ಡಬ್ಬಿ ತಂದ. ದೇವರ ಮುಂದಿಟ್ಟು ಆದಮೇಲೆ ಸುಂದರವ್ವ ಮಗನ ಹಾಸಿಗೆಯ ಹತ್ತಿರ ಹೋದಳು.

"ಏಳೋ ನನ್ನಪ್ಪಾ. ತಂಗಿಗೆ ನೌಕರಿ ಸಿಕ್ಕೈತಿ. ಹಿರಿಯ ಅಣ್ಣ ಬಾಯಾಗ ಸಿಹಿ ಇಡಬೇಕು."

ಬಾಳು ಎದ್ದು ಬಂದ. "ಜಯಶ್ರೀ, ಬಾ ಇಲ್ಲೆ" ಎಂದ.

ಒಂದೂವರೆ ವರ್ಷದ ಮೇಲೆ ತನ್ನ ಹೆಸರು ಕೇಳಿ ಅವಳು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಹತ್ತಿರ ಬಂದಳು.

ಅವನು ಟವೆಲು ಬಿಚ್ಚಿ ಬಲಗೈ ಹೊರತೆಗೆದ. ಎಡಗೈಯಿಂದ ಸಿಹಿ ತಿನ್ನಿಸಬಾರದು. ಪೇಡೆಯನ್ನು ಉಂಗುರಬೆರಳು ಕಿರುಬೆರಳುಗಳ ನಡುವೆ ಸಿಕ್ಕಿಸಿಕೊಂಡು ಅವಳ ಬಾಯಿಯ ಹತ್ತಿರ ತಂದ. ಅವಳು ಬಾಯಿ ತೆರೆದಳು. ತುಟಿ ಮುಟ್ಟುವಷ್ಟರಲ್ಲಿ ಪೇಡೆ ಬಿತ್ತು.

"ಇರಲಿ ಬಿಡೋ, ನಾ ತಿನಸ್ತೀನಿ" ಎಂದ ಅಪ್ಪ.

"ನಾನ ತಿನಸ್ತೀನಿ."

ಬಗ್ಗಿ, ಅದೇ ಪೇಡೆಯನ್ನು ಎತ್ತಿದ. ಮತ್ತೆ ಬಿತ್ತು. ಮತ್ತೆ ಎತ್ತಿದ. ನೆಲದ ಕೆಂಪು ಧೂಳು ಅದರ ಸಕ್ಕರೆಗೆ ಅಂಟಿ, ಪೇಡೆ ಇಟ್ಟಿಗೆಯ ಚೂರಿನಂತಾಗಿತ್ತು. ಡಬ್ಬಿಯಲ್ಲಿ ಬೇರೆ ಪೇಡೆಗಳಿದ್ದವು. ಅವನು ಆ ಕಡೆ ನೋಡಲಿಲ್ಲ. ಜಯಶ್ರೀ ಬಾಯಿ ತೆರೆದೇ ನಿಂತಿದ್ದಳು, ಮುಚ್ಚಲು ಧೈರ್ಯವಾಗಲಿಲ್ಲ. ದವಡೆ ನೋಯತೊಡಗಿತು.

"ತಂಗಿ ಅಂದ್ರ ಎಷ್ಟ ಜೀವ ಬಿಡ್ತಾನ ನೋಡ್ರಿ" ಎಂದು ಸುಂದರವ್ವ ಗಂಡನಿಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಲ್ಕನೆಯ ಸಲ ಕೈ ಮೇಲೆ ಬರುವ ಮೊದಲು ಅವನ ಬಲಭುಜ ಕೂದಲೆಳೆಯಷ್ಟು ಎದ್ದಿತು. ಜಯಶ್ರೀಗೆ ತಿಳಿಯದೆಯೇ ಅವಳ ಕತ್ತು ಮುಂದಕ್ಕೆ ಬಾಗಿ, ಬಾಯಿ ಆ ಎರಡು ಬೆರಳುಗಳನ್ನು ಸಂಧಿಸಿತು.

"ಈಗ ನೋಡು," ಬಾಳು ಅವಳಿಗಷ್ಟೇ ಕೇಳುವಂತೆ ಹೇಳಿದ, "ಆವತ್ತ ತಿಳೀಲಾರದ್ದು ಇವತ್ತ ಹೆಂಗ ಲಗೂನ ತಿಳೀತು ನಿನಗ."

ಅವಳು ಅಗಿದಳು. ಹಲ್ಲಿನ ನಡುವೆ ಅದಿರು ಕರಕರ ಎಂದಿತು. ಅವನು ಅವಳು ನುಂಗುವವರೆಗೂ ನೋಡುತ್ತ ನಿಂತು, ಆಮೇಲೆ ಡಬ್ಬಿಯಿಂದ ಇನ್ನೊಂದು ಪೇಡೆ ಕೇಳಿದ.