ತೊಳೆದ ಬೋಗುಣಿ

ನೀರಿನ ಮೇಲೆ ತೇಲಿಸಲು ಇಟ್ಟ ಸೂಜಿ ಮತ್ತೆ ಮುಳುಗಿತು. ಗಲ್ಲಕ್ಕೆ ಕೈಯೂರಿ ನೋಡುತ್ತಿದ್ದ ಮಗಳು ಬೋಗುಣಿಯಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡಿದಳು.

"ತಡಿ ಪುಟ್ಟಿ, ಇನ್ನೊಂದ್ಸಲ ಇಡ್ತೀನಿ," ಎಂದ ಅಪ್ಪ.

"ಅಂಕಲ್ ಇಟ್ಟಾಗ ಮೊದಲ್ನೇ ಸಲಕ್ಕೇ ತೇಲ್ತು. ನಮ್ಮನೇಲಿ."

ನಮ್ಮನೆ ಎಂದರೆ ಅವಳ ಅಮ್ಮ ಎರಡನೇ ಮದುವೆಯಾಗಿ ಹೋದ ಮನೆ. ಬರುವ ವಾರ ಆ ಸಂಸಾರವೂ ದೂರದ ಊರಿಗೆ ಹೋಗಲಿತ್ತು. ಇನ್ನು ಭಾನುವಾರದ ಭೇಟಿ ಇಲ್ಲ. ರಜೆಗೆ ಬರುವುದು ಬಿಡುವುದು ಮಗಳಿಷ್ಟ, ಬಲವಂತ ಮಾಡಬೇಡಿ ಎಂದು ಅವಳಮ್ಮ ಫೋನಿನಲ್ಲಿ ಹೇಳಿಯಾಗಿತ್ತು. ಬರುತ್ತೇನೆ ಅಂತ ಮಗಳು ಒಂದು ಮಾತು ಅಂದರೆ ಸಾಕಿತ್ತು ಅವನಿಗೆ. ಒಂಟಿ ಗಂಡಸಿನ ಮನೆ ಎಂದು ಯಾರೂ ಮೂಗು ಮುರಿಯಬಾರದೆಂದು ಬೆಳಗ್ಗೆಯೇ ಎದ್ದು ನೆಲ, ಮೇಜು, ಪಾತ್ರೆ ಎಲ್ಲವನ್ನೂ ಕಾರ್ಖಾನೆಯ ಸೋಪಿನ ನೀರಿನಲ್ಲಿ ಗಸಗಸ ತಿಕ್ಕಿದ್ದ.

ಈಗ ಬೋಗುಣಿಯ ಅಂಚು ಸವರಿದ. ಬೆರಳು ಜಾರಿತು; ಸೋಪು ಇನ್ನೂ ಅಂಟಿತ್ತು. ಸೋಪಿನ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅರ್ಧ ಆಯಸ್ಸು ಕಳೆದವನು, ಮೊದಲೇ ಹೊಳೆಯಬೇಕಿತ್ತು. ನೀರಿನ ಕಣಗಳು ಒಂದನ್ನೊಂದು ಎಳೆದು ಹಿಡಿದಿರುತ್ತವೆ, ಅದಕ್ಕೇ ಮೇಲೆ ಬಿಗಿ ಪೊರೆಯಂತಾಗಿ ಸೂಜಿಯನ್ನು ಹೊರುತ್ತದೆ, ಸೋಪು ನಡುವೆ ನುಗ್ಗಿ ಆ ಹಿಡಿತ ಸಡಿಲಿಸುತ್ತದೆ ಎಂದು ಮಗಳಿಗೆ ವಿವರಿಸಿದ.

"ಫ್ಯಾಕ್ಟರೀಲಿ ನಿನ್ ಕೆಲ್ಸ ಅದೇನಾ? ಬಿಡಿಸೋದು?"

"ಬಿಡಿಸೋದು ಸೋಪು. ಎಷ್ಟು ಬಿಡಿಸ್ತು ಅಂತ ಅಳೆಯೋದು ನಾನು."

ಮಗಳು ನಕ್ಕಳು. ಬೋಗುಣಿ ತೊಳೆದು ತರುತ್ತೇನೆಂದು ಅವನು ಎದ್ದ. ಅಷ್ಟರಲ್ಲಿ ಕೆಳಗೆ ಅವಳನ್ನು ಕರೆದೊಯ್ಯಲು ಬಂದ ಕಾರಿನ ಹಾರ್ನ್ ಕೇಳಿಸಿತು.

ಅವಳು ಬೂಟಿನ ಲೇಸು ಕಟ್ಟುವಾಗ ಕೇಳಿಯೇಬಿಟ್ಟ: "ರಜೆಗೆ ಬರ್ತೀಯಾ?"

"ನೋಡೋಣ," ಎಂದಳು, ಥೇಟ್ ಅವಳಮ್ಮನ ಹಾಗೆ. ಮೆಟ್ಟಿಲ ತಿರುವಿನಲ್ಲಿ ನಿಂತು, "ತೇಲಿದ್ರೆ ಫೋಟೋ ಕಳ್ಸು," ಎಂದಳು.

ಅವನು ಬೋಗುಣಿಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿದ. ಬಟ್ಟೆಯಲ್ಲೂ ಸೋಪಿರುತ್ತದೆಂದು ಒರೆಸಲಿಲ್ಲ. ಮೇಜಿನ ಮೇಲಿಟ್ಟು ತುಂಬಿದ ಹೊಸ ನೀರಿನ ಮೇಲೆ ತೆಳು ಕಾಗದದ ಚೂರು, ಅದರ ಮೇಲೆ ಸೂಜಿ. ಕಾಗದ ನೆನೆದು ಮುಳುಗಿತು. ಸೂಜಿ ತೇಲಿ ನಿಂತಿತು. ಅದರ ಸುತ್ತ ನೀರು ಹಾಸಿಗೆಯಂತೆ ಸ್ವಲ್ಪವೇ ತಗ್ಗಿತ್ತು.

ಫೋಟೋ ತೆಗೆದು ಕಳಿಸಿದ. ಉತ್ತರ ಬರಲಿಲ್ಲ.

ಕತ್ತಲಾಯಿತು. ಊಟದ ತಟ್ಟೆಯನ್ನು ಮೇಜಿನ ತನಕ ತಂದವನು, ಮೇಜಿನ ಒಂದು ಕಾಲು ಗಿಡ್ಡ, ತಟ್ಟೆ ಇಟ್ಟರೆ ಬೋಗುಣಿ ಅಲುಗೀತು ಎಂಬುದು ನೆನಪಾಗಿ, ಹಿಂದೆ ಸರಿದು ಸಿಂಕಿನ ಪಕ್ಕ ನಿಂತೇ ಉಂಡ.