ಐದನೆಯ ಪ್ರಶ್ನೆ

ಗಂಡನ ಸಮಾಧಿಗೆ ಕೊನೆಯ ಹಿಡಿ ಮಣ್ಣು ಹಾಕಿದ ಕಾಶವ್ವ ಕೈ ಕೊಡವಿಕೊಂಡು, "ಗಂಟೆ ಎಷ್ಟಾತು?" ಎಂದು ಕೇಳಿದಳು.

"ಹಾಫ್ ಪಾಸ್ಟ್ ತ್ರೀ. ಯಾಕವ್ವಾ?" ಎಂದಳು ಮಗಳು ವಿಭಾ.

"ಆರೂವರಿಗೆ ಟೌನ್ ಹಾಲ್‌ಗೆ ಹೋಗೂದೈತಿ. ನಿಮ್ಮಪ್ಪನ ಹೆಸರು ಕೂಗ್ತಾರ."

ಮಣ್ಣಿಗೆ ಬಂದಿದ್ದ ಕೆಳಗಿನ ಫ್ಲ್ಯಾಟಿನ ವೈದೇಹಿ ಇವರಂತೆಯೇ ಇಂಗ್ಲಿಷರ ನಾಡಿಗೆ ಬಂದ ಬೆಂಗಳೂರಿನವರು. ಅವರಿಗೆ ಗಾಬರಿಯಾಯಿತು. "ಏನ್ರೀ ಇದು, ಸೂತಕ ಇಟ್ಕೊಂಡು ಇವತ್ತೇ ಮೀಟಿಂಗಿಗೆ ಹೋಗ್ತಾರಾ?"

"ನಮ್ಮ ಲಿಂಗಾಯತರೊಳಗ ಸೂತಕ ಇಲ್ರೀ," ಎಂದಳು ಕಾಶವ್ವ.

ಅಲ್ಲಿಗೆ ವಾದ ಮುಗಿಯಿತು. ಸೂತಕ ಇಲ್ಲದಿದ್ದರೂ ಸಂಕಟವೇನು ಕಡಿಮೆಯಿರಲಿಲ್ಲ. ಎರಡು ಸ್ಥಳೀಯ ಕೌನ್ಸಿಲ್‌ಗಳನ್ನು ಸೇರಿಸಿ ಒಂದು ಮಾಡುವ ಸರ್ಕಾರದ ಸುಧಾರಣೆಯ ಬಗ್ಗೆ ಅಂದು ಸಭೆ. ಸಾಯುವ ಎರಡು ದಿನ ಮೊದಲು ಅವಳ ಗಂಡ ನಾಗಲಿಂಗಪ್ಪ ಅದಕ್ಕೊಂದು ಪ್ರಶ್ನೆ ಬರೆದು ಕಳಿಸಿದ್ದ. ಹೆಸರು ಕೂಗಿದಾಗ ಯಾರೂ ಏಳದಿದ್ದರೆ ಮುಂದಿನವರನ್ನು ಕರೆಯುತ್ತಾರೆ. ಅದು ಆಗಗೊಡಬಾರದೆಂದು ಕಾಶವ್ವ ಹೊರಟಳು.

*

ನಾಗಲಿಂಗಪ್ಪ ಧಾರವಾಡದಿಂದ ಇಲ್ಲಿಗೆ ಬಂದು ಮೂವತ್ತು ವರ್ಷ ಇಲ್ಲಿಯ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವನು. ನಿವೃತ್ತನಾದ ಮೇಲೆ ಕೌನ್ಸಿಲ್ಲಿನ ಒಂದು ಸಭೆಯನ್ನೂ ಬಿಟ್ಟವನಲ್ಲ. ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತು, ಬಾಯಿ ಬಿಡದೆ ಕೇಳಿಸಿಕೊಂಡು ಬರುತ್ತಿದ್ದ. ಆ ಒಂದು ಪ್ರಶ್ನೆಗೆ ಮಾತ್ರ ಅಡುಗೆಮನೆಯ ಮೇಜನ್ನು ಮೂರು ದಿನ ಹಿಡಿದುಬಿಟ್ಟ. ಬರೆದ, ಹರಿದ, ಮತ್ತೆ ಬರೆದ.

"ಊರ ಉಸಾಬರಿ ನಿಮಗ್ಯಾಕ್ರಿ? ರೊಟ್ಟಿ ಆರಾಕತ್ತಾವು," ಎಂದು ಕಾಶವ್ವ ಮೂರು ದಿನವೂ ಬೈದಳು.

"ತಡಿ, ಇನ್ನೊಂದ್ ಸಾಲು," ಎನ್ನುತ್ತಿದ್ದ.

ಏನು ಬರೆಯುತ್ತಿದ್ದಾನೆಂದು ಅವಳು ಕೇಳಲಿಲ್ಲ. ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ.

*

"ಕ್ವೆಶ್ಚನ್ ಫೈವ್. ಮಿಸ್ಟರ್ ನಾಗ... ನಾಗಾ..." ಟೌನ್ ಹಾಲಿನಲ್ಲಿ ಸಭೆಯ ಅಧ್ಯಕ್ಷೆ ತಡವರಿಸಿದಳು.

ಕಾಶವ್ವ ಎದ್ದು ನಿಂತಳು. ಪಕ್ಕದಲ್ಲಿ ವಿಭಾ ಎದ್ದು, ಅಪ್ಪನನ್ನು ಇಂದೇ ಮಣ್ಣು ಮಾಡಿ ಬಂದೆವು, ಅವರ ಪ್ರಶ್ನೆಯನ್ನು ನಾನು ಓದುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಸಿಬ್ಬಂದಿಯ ಹುಡುಗಿ ಕೊಟ್ಟ ಹಾಳೆಯನ್ನು ಕೊನೆಯವರೆಗೆ ಓದಿ ಅವ್ವನ ಕಡೆ ತಿರುಗಿದಳು.

"ಏನ್ ಬರದಾರವಾ?" ಎಂದು ಕಾಶವ್ವ ಕೇಳಿದಳು.

"ಎರಡೂ ಕೂಡಿದ್ರ ನಮ್ಮ ಏರಿಯಾದ ಕೌನ್ಸಿಲ್ ಕೌಂಟರ್ ಮುಚ್ಚತೀರಿ, ಎಲ್ಲಾ ಆನ್‌ಲೈನ್ ಅಂತೀರಿ. ನನ್ನ ಹೆಂಡತಿಗೆ ಇಂಗ್ಲಿಷ್ ಬರೂದಿಲ್ಲ. ಆಕಿ ಕಾಗದ ಎಲ್ಲಾ ನಾನ ಓದತೀನಿ. ನಾ ಹೋದ ಮ್ಯಾಲೆ ಆಕಿ ಯಾರ ಹತ್ರ ಹೋಗಬೇಕು, ಅಂತ ಕೇಳ್ಯಾರ."

ಕಾಶವ್ವ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಬೈದ ಮೂರು ದಿನಗಳೂ ಒಟ್ಟಿಗೆ ನೆನಪಿಗೆ ಬಂದವು.

ಅಧ್ಯಕ್ಷೆ ಸಂತಾಪ ಹೇಳಿದಳು. ಹತ್ತು ದಿನದೊಳಗೆ ಲಿಖಿತ ಉತ್ತರ ಬರುತ್ತದೆ ಎಂದಳು. ಯಾರ ಹೆಸರಿಗೆ ಕಳಿಸಬೇಕೆಂದು ಬರೆಸಿಕೊಳ್ಳಲು ಆ ಹುಡುಗಿ ಫಾರ್ಮು ತಂದಳು. ಕಾಶವ್ವ ಅದನ್ನು ಇಸಿದುಕೊಂಡಳು; ವಿಭಾ ಕೈ ಚಾಚಿದರೂ ಕೊಡಲಿಲ್ಲ. ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಹೆಸರನ್ನು ಕನ್ನಡದಲ್ಲಿ ದುಂಡಗೆ ಬರೆದಳು.

"ಅವ್ವಾ, ಇದು ಇವರಿಗೆ ಓದಾಕ ಬರೂದಿಲ್ಲ!"

"ಓದೋರ್ನ ಹುಡುಕಲಿ. ನಿಮ್ಮಪ್ಪ ಕೇಳಿದ್ದು ಅದನ್ನ ಅಲ್ಲೇನು?"

ಹುಡುಗಿ ಹಾಳೆಯನ್ನು ನೇರ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಭೆಯೆಲ್ಲ ನೋಡುತ್ತಿರುವಂತೆ, ಅಧ್ಯಕ್ಷೆಯ ಮೇಜಿನ ಕಡೆಗೆ ನಡೆದಳು.