ಸೆಬೆ, ಎಡಗೈ

ಮೇಮುನಾ "ಅಮ್ಮ" ಅನ್ನುವುದಕ್ಕೆ ಮೊದಲೇ "ಸೆಬೆ" ಅನ್ನುವುದನ್ನು ಕಲಿತಳು ಎಂದು ಅವಳಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಅವರ ಊರು ಕುಮಾಸಿಯಲ್ಲಿ ಯಾರಿಗಾದರೂ ಎಡಗೈ ಚಾಚಿದರೆ ಮುಖಕ್ಕೆ ಉಗಿದ ಹಾಗೆ. ಕೊಡುವುದು, ತೆಗೆದುಕೊಳ್ಳುವುದು, ದಾರಿ ತೋರಿಸುವುದು, ಎಲ್ಲ ಬಲಗೈಯದೇ ಕಾರುಬಾರು. ಮೇಮುನಾಳ ಬಲಗೈ ಹುಟ್ಟಿನಿಂದಲೇ ಮೊಣಕೈಗೆ ಮುಗಿದಿತ್ತು. ಹಾಗಾಗಿ ಸುಟ್ಟ ಬಾಳೆಕಾಯಿ ಕೊಳ್ಳುವಾಗಲೂ "ಸೆಬೆ, ಎಡಗೈ" ಎಂದು ಕ್ಷಮೆ ಕೇಳಿಯೇ ಅವಳು ಕೈ ಮುಂದೆ ಮಾಡುವುದು. ಅದು ಅವಳಿಗೆ ಕೆಮ್ಮಿನಷ್ಟು ಸಲೀಸಾಗಿತ್ತು.

ಹುಟ್ಟು ಕೂಡ ಹೀಗೇ ಎಡವಟ್ಟು. ಅಪ್ಪ ಅಶಾಂಟಿ, ಅಮ್ಮ ಉತ್ತರದ ದಗೊಂಬಾ ಮುಸಲ್ಮಾನರ ಮಗಳು. ಅಶಾಂಟಿಗಳಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ದಗೊಂಬಾಗಳಲ್ಲಿ ತಂದೆಯ ಕುಲಕ್ಕೆ. ಅಪ್ಪನ ಕಡೆಯವರು ಇವಳು ಅಮ್ಮನ ಕಡೆಯವರ ಕೂಸು ಅಂದರು, ಅಮ್ಮನ ಕಡೆಯವರು ಅಪ್ಪನ ಕಡೆಯವರದ್ದು ಅಂದರು. ಎರಡೂ ಕಡೆಯವರು ಬಲು ಮರ್ಯಾದಸ್ಥರು, ಆಚೆಯವರ ಸೊತ್ತಿಗೆ ಆಸೆಪಡಲಿಲ್ಲ. ನಮ್ಮವಳು ಅಂದದ್ದು ಅಪ್ಪನ ತಾಯಿ ಅಬ್ರಾಫಿ ಒಬ್ಬಳೇ. ಭಾನುವಾರ ಹುಟ್ಟಿದವಳೆಂದು ಅಕೊಸುವಾ ಎಂದು ಕರೆದು, ತಲೆಯ ಮೇಲಿನ ವಸ್ತ್ರ ಜಾರಿದರೆ ತಾನೇ ಸರಿಮಾಡಿ, ಅಂಗಳದಲ್ಲಿ ಅಡೊವಾ ಕುಣಿತ ಕಲಿಸಿದಳು.

ಅಡೊವಾದಲ್ಲಿ ಕಾಲಿನ ಕೆಲಸ ಸಣ್ಣದು, ಮಾತೆಲ್ಲ ಕೈಯದು. ನಾನು ಒಂಟಿಯಾದೆ, ನೀವೇ ಗತಿ, ನಿಮಗೆ ಶರಣು, ಎಲ್ಲವನ್ನೂ ಕೈಯೇ ಹೇಳಬೇಕು. ತನ್ನ ಸಾವಿಗೆ ಮೊಮ್ಮಗಳು ಕುಣಿಯಬೇಕು, ಅದೂ ಮೂಲೆಯಲ್ಲಲ್ಲ, ಊರಿನ ಒಡತಿ ರಾಣಿತಾಯಿಯ ಎದುರಿಗೆ ಎಂದು ಅಬ್ರಾಫಿ ಮಾತು ತೆಗೆದುಕೊಂಡಿದ್ದಳು. ತೊಂಬತ್ತು ದಾಟಿ, ಬೆಳಗಿನ ಗಂಜಿ ಕುಡಿದು, ಕೂತಲ್ಲೇ ಕಣ್ಣು ಮುಚ್ಚಿದಳು. ಇಷ್ಟು ತುಂಬಿದ ಬಾಳಿಗೆ ಕೆಂಪು ಬಟ್ಟೆಯ ದುಃಖ ಯಾಕೆ ಎಂದು ಮನೆಯವರು ಕಪ್ಪು ಬಿಳುಪಿನ ಬಟ್ಟೆ ಹೊಲಿಸಿದರು. ಶನಿವಾರ ಉತ್ತರಕ್ರಿಯೆ.

ಮೇಮುನಾ ವಿಶ್ವವಿದ್ಯಾಲಯದಲ್ಲಿ ಕುಣಿತದ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಹೋದ ವರ್ಷ ಅಲ್ಲಿನ ರಂಗಮಂದಿರದಲ್ಲಿ ಎಡಗೈ ಚಾಚಿ ಅಡೊವಾ ಕುಣಿದಾಗ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಅವಳಿಗೆ ಖುಷಿಯೇನೋ ಆಯಿತು. ಆದರೆ ಅಲ್ಲಿ ಅವಳ ಕೈ ಯಾರಿಗೂ ನಮಸ್ಕಾರ ಹೇಳಿರಲಿಲ್ಲ, ಯಾರೂ ಮರುನಮಸ್ಕಾರ ಮಾಡಿರಲಿಲ್ಲ.

ಮೇಳದ ಯಜಮಾನಿ ಸೆರ್ವಾ, ಅಬ್ರಾಫಿಯ ಜೀವದ ಗೆಳತಿ. ಊರಿಗೆಲ್ಲ ಆಕೆ ನಾನಾ, ಅಂದರೆ ಅಜ್ಜಿ. ಗುರುವಾರ ತಾಲೀಮು ಮುಗಿದ ಮೇಲೆ ಮೇಮುನಾಳನ್ನು ಪಕ್ಕಕ್ಕೆ ಕರೆದಳು.

"ಕುಣಿ ತಾಯಿ, ಬೇಡ ಅಂದೋರ್ಯಾರು? ರಾಣಿತಾಯಿ ಕಡೆ ಮಾತ್ರ ಕೈ ಚಾಚ್ಬೇಡ."

"ಕೈ ಚಾಚ್ದೆ ಅದೆಂಥ ಅಡೊವಾ, ನಾನಾ? ಮನೆ ಬಾಗ್ಲಿಗೆ ಹೋಗಿ ಮಾತಾಡಿಸ್ದೆ ಬಂದಂಗಾಗುತ್ತೆ."

"ಬೈದು ಬರೋದಕ್ಕಿಂತ ವಾಸಿ."

"ಸೆಬೆ ಅಂತೀನಿ."

"ಕಣದಲ್ಲಿ ಬಾಯಿಗೇನು ಕೆಲಸ? ಕೈಯಲ್ಲಿ ಅನ್ನು, ನೋಡೋಣ."

ಕೈಯಲ್ಲಿ ಕ್ಷಮೆ ಕೇಳುವ ಬಗೆ ಊರಿನ ಮಕ್ಕಳಿಗೂ ಗೊತ್ತು. ಒಂದು ಅಂಗೈ ಬಿಚ್ಚಿ ಹಿಡಿದು, ಇನ್ನೊಂದು ಕೈಯ ಹಿಂಬದಿಯನ್ನು ಅದರ ಮೇಲೆ ತಟ್ಟಬೇಕು. ಅದಕ್ಕೆ ಎರಡು ಕೈ ಬೇಕು. ಮೇಮುನಾ ಎದೆಯ ಮೇಲೆ ತಟ್ಟಿಕೊಂಡು ನೋಡಿದಳು, ಜಂಬ ಕೊಚ್ಚಿಕೊಂಡ ಹಾಗಿತ್ತು. ತೊಡೆಯ ಮೇಲೆ ತಟ್ಟಿದಳು, ಸೊಳ್ಳೆ ಹೊಡೆದ ಹಾಗಾಯಿತು. ಸೆರ್ವಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆದರೆ ಹಿಡಿದ ಪಟ್ಟು ಬಿಡಲಿಲ್ಲ. ಆಕೆಗೆ ಕೆಟ್ಟ ಮನಸ್ಸಿದ್ದಿದ್ದರೆ ಜಗಳವಾಡಬಹುದಿತ್ತು. ಪ್ರೀತಿಯಿಂದಲೇ ಬೇಡ ಅನ್ನುವವರ ಜೊತೆ ಏನು ಮಾಡುವುದು? ಮೇಮುನಾಳಿಗೆ ಅಳು ಬಂತು.

ಶನಿವಾರ ಶಾಮಿಯಾನದ ತುಂಬ ಜನ. ರಾಣಿತಾಯಿ ದೊಡ್ಡ ಕೊಡೆಯ ಕೆಳಗೆ ಕೂತಿದ್ದಳು. ಮೇಮುನಾ ಚಪ್ಪಲಿ ಕಳಚಿಟ್ಟು, ಡೋಲಿನವರಿಗೆ ಬಾಗಿ, ಕಣಕ್ಕೆ ಇಳಿದಳು. ಕಣದ ಅಂಚಿನಲ್ಲಿ ಕುಣಿದಷ್ಟು ಹೊತ್ತು ಎಲ್ಲ ಚೆನ್ನಾಗಿತ್ತು. ಎಡಗೈ ಅಜ್ಜಿಯನ್ನು ನೆನೆಯಿತು, ನನ್ನನ್ನು ಬಿಟ್ಟು ಹೋದೆಯಲ್ಲ ಎಂದು ತಲೆಯ ಮೇಲೆ ಕೂತಿತು. ಮೋಟುಗೈಯೂ ಎದೆಯ ಹತ್ತಿರ ತನ್ನ ಪಾಡಿಗೆ ತಾಳ ಹಿಡಿದಿತ್ತು. ಅಜ್ಜಿ ಅದನ್ನು ಎಂದೂ ಬಟ್ಟೆಯೊಳಗೆ ಮುಚ್ಚಿಡಲು ಬಿಟ್ಟವಳಲ್ಲ.

ಕುಣಿಯುತ್ತ ಕುಣಿಯುತ್ತ ಅವಳು ರಾಣಿತಾಯಿಯ ಎದುರಿಗೇ ಬಂದು ನಿಂತಳು. ಕೈ ಚಾಚಿದರೆ ಅವಮಾನ, ಹಿಂದೆ ಸರಿದರೆ ಅಜ್ಜಿಗೆ ಕೊಟ್ಟ ಮಾತು ಸುಳ್ಳು. ಕಾಲು ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಡೋಲಿನವನು ಮುಂದಕ್ಕೆ ಹೋಗಲಾರದೆ ಅದೇ ಪೆಟ್ಟನ್ನು ಮತ್ತೆ ಮತ್ತೆ ಬಾರಿಸಿದ. ಜನ ಪಿಸುಗುಟ್ಟತೊಡಗಿದರು.

ಆಗ ಹಾಡುವವರ ಸಾಲಿನಿಂದ ಸೆರ್ವಾ ಎದ್ದಳು. ಚಪ್ಪಲಿ ಕಳಚಿ, ಸೊಂಟ ಹಿಡಿದುಕೊಂಡು, ಆ ವಯಸ್ಸಿನಲ್ಲೂ ಒಂದು ಹೆಜ್ಜೆ ತಪ್ಪದೆ ಕುಣಿಯುತ್ತಲೇ ಬಂದಳು. ಬೈದು ಕರೆದೊಯ್ಯಲು ಬಂದಳೆಂದು ಮೇಮುನಾ ತಲೆ ತಗ್ಗಿಸಿದಳು. ಸೆರ್ವಾ ಪಕ್ಕದಲ್ಲಿ ನಿಂತು ತನ್ನ ಬಲ ಅಂಗೈಯನ್ನು ಬಿಚ್ಚಿ ಅವಳ ಮುಂದೆ ಹಿಡಿದಳು.

ಮೇಮುನಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಎಡಗೈಯ ಹಿಂಬದಿಯನ್ನು ಆ ಅಂಗೈ ಮೇಲೆ ತಟ್ಟಿದಳು. ಮತ್ತೊಮ್ಮೆ ತಟ್ಟಿದಳು. ಆಮೇಲೆ ಕೈಯನ್ನು ಪೂರ್ತಿ ಚಾಚಿ ರಾಣಿತಾಯಿಗೆ ಶರಣು ಹೇಳಿದಳು. ರಾಣಿತಾಯಿ ಅವಳನ್ನೇ ನೋಡಿದಳು, ನಿಧಾನವಾಗಿ ಬಲಗೈಯನ್ನು ಎದೆಗೆ ಒತ್ತಿಕೊಂಡು ತಲೆದೂಗಿದಳು. ಸಲ್ಲಬೇಕಾದ್ದು ಸಂದಿತು. ಮೇಮುನಾಳ ಮೈಯೆಲ್ಲ ಹಗುರಾಯಿತು.

ಸೆರ್ವಾಳ ಹಿಗ್ಗಿಗೆ ಮಿತಿಯಿಲ್ಲ. ಬಲಗೈಯಲ್ಲಿ ಮೇಮುನಾಳ ಕೈಯನ್ನು ಭದ್ರವಾಗಿ ಹಿಡಿದುಕೊಂಡು, ಚೆನ್ನಾಗಿ ಕುಣಿದವರ ತಲೆಯ ಮೇಲೆ ಮೆಚ್ಚುಗೆಗೆ ಎತ್ತುವ ಎರಡು ಬೆರಳನ್ನು ಜನಕ್ಕೆಲ್ಲ ಕಾಣುವಂತೆ ಎತ್ತಿ ಆಡಿಸಿದಳು. ಡೋಲು ನಿಂತಿತು. ರಾಣಿತಾಯಿಯ ತುಟಿಯಂಚಿನಲ್ಲಿ ನಗು.

"ಸೆರ್ವಾ, ಅದ್ಯಾವ ಕೈ?"

ಸೆರ್ವಾ ತಲೆಯೆತ್ತಿ ನೋಡಿಕೊಂಡಳು. ಎಡಗೈ. ಶಾಮಿಯಾನಕ್ಕೆ ಶಾಮಿಯಾನವೇ ಘೊಳ್ಳೆಂದಿತು. ಮೇಮುನಾ ಮೆಲ್ಲನೆ ತನ್ನ ಕೈ ಬಿಡಿಸಿಕೊಂಡು, ಅಂಗೈ ಬಿಚ್ಚಿ ಸೆರ್ವಾಳ ಮುಂದೆ ಹಿಡಿದಳು. ಅಜ್ಜಿಗೆ ತನ್ನವೇ ಎರಡು ಕೈ ಖಾಲಿ ಇದ್ದವು. ಆದರೂ ಆಕೆ ತನ್ನ ಎಡಗೈಯನ್ನು ಇವಳ ಅಂಗೈ ಮೇಲೆಯೇ ತಟ್ಟಿದಳು.